ಪ್ರಭಾವ ಬೀರುವ ಬಗೆಗಳು: ಕರಡು ತಿದ್ದುವವನ ಅನುಭವ

ಅನುವಾದಗಳನ್ನೂ ಲೇಖನಗಳನ್ನೂ ಅಚ್ಚಿಗೆ ಹೋಗುವ ಮೊದಲು ತಿದ್ದಿ ಸಿದ್ಧಪಡಿಸುವುದು ನನ್ನ ಕೆಲಸ. ಓದುತ್ತ ಹೋಗುವಾಗ ನನ್ನ ಪೆನ್ಸಿಲ್ ಮತ್ತೆ ಮತ್ತೆ ನಿಲ್ಲುವ ಕ್ರಿಯಾಪದಗಳಲ್ಲಿ ‘ಪ್ರಭಾವ ಬೀರು’ ಎಂಬುದು ಒಂದು. ಅದೇನೂ ತಪ್ಪು ಪ್ರಯೋಗವಲ್ಲ; ನೋಟ ಬೀರು, ನಗೆ ಬೀರು ಎಂಬಂತೆಯೇ ಕನ್ನಡದಲ್ಲಿ ಚೆನ್ನಾಗಿ ನೆಲೆಯೂರಿದ ನುಡಿ. ಆದರೆ ಗುರು ಶಿಷ್ಯನ ಬದುಕಿನ ದಿಕ್ಕನ್ನು ಬದಲಿಸಿದ್ದಕ್ಕೂ, ಜಾಹೀರಾತು ಗಿರಾಕಿಯನ್ನು ಮರುಳುಗೊಳಿಸಿದ್ದಕ್ಕೂ, ಮಳೆಯ ಕೊರತೆ ಬೆಳೆಯನ್ನು ಕೆಡಿಸಿದ್ದಕ್ಕೂ ಅದೊಂದನ್ನೇ ಬಳಸಿದರೆ, ಒಂದಕ್ಕೊಂದು ಸಂಬಂಧವಿಲ್ಲದ ಈ ಸಂಗತಿಗಳ ನಡುವಣ ವ್ಯತ್ಯಾಸ ಓದುಗನಿಗೆ ಕಾಣದೆ ಹೋಗುತ್ತದೆ. ಹಾಗಾಗಿ ಆ ಪದ ಎದುರಾದಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಪ್ರಭಾವ ಬೀರಿದವರಿಗೆ ಬೀರಬೇಕೆಂಬ ಉದ್ದೇಶವಿತ್ತೇ?

ಇತ್ತು ಎಂದಾದರೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ, ಮತ್ತು ಪ್ರತಿಯೊಂದು ಪದದಲ್ಲೂ ಬರೆಯುವವನ ತೀರ್ಮಾನ ಅಡಗಿರುತ್ತದೆ. ಎದುರಿನವರ ವಿವೇಚನೆಗೆ ಗೌರವ ಕೊಟ್ಟು ಮಾತಿನಿಂದ ಒಪ್ಪಿಸಿದರೆ ಅದು ಮನವೊಲಿಸುವುದು. ಆಸೆ ತೋರಿಸಿ ನಯವಾಗಿ ಒಪ್ಪಿಸಿದರೆ ಪುಸಲಾಯಿಸುವುದು. ಬೇರೆ ದಾರಿಯಿಲ್ಲದಂತೆ ಮಾಡಿದರೆ ಒತ್ತಡ ಹೇರುವುದು. ಒಳ್ಳೆಯ ಕೆಲಸಕ್ಕೆ ಪ್ರೇರೇಪಿಸುತ್ತಾರೆ, ಹುರಿದುಂಬಿಸುತ್ತಾರೆ. ಜಗಳಕ್ಕೆ ಪ್ರಚೋದಿಸುತ್ತಾರೆ, ಕುಮ್ಮಕ್ಕು ಕೊಡುತ್ತಾರೆ, ಒಬ್ಬರ ಮೇಲೆ ಇನ್ನೊಬ್ಬರನ್ನು ಎತ್ತಿಕಟ್ಟುತ್ತಾರೆ. ಗುಟ್ಟಾಗಿ ಚಾಡಿ ಹೇಳಿ ಮನಸ್ಸು ಕೆಡಿಸುವುದಕ್ಕೆ ಕಿವಿಯೂದುವುದು ಎಂಬ ಮಾತಿದೆ. ಇವುಗಳ ಪೈಕಿ ಒಂದನ್ನು ಆರಿಸಿದ ಕೂಡಲೇ ಲೇಖಕ ಯಾರ ಪರವಾಗಿ ನಿಂತಿದ್ದಾನೆ ಎಂಬುದು ಬಯಲಾಗುತ್ತದೆ. ಎಷ್ಟೋ ಲೇಖಕರು ‘ಪ್ರಭಾವ ಬೀರಿದರು’ ಎಂಬಲ್ಲಿಗೇ ನಿಲ್ಲಿಸಿಕೊಳ್ಳುವುದು ಈ ಬಯಲಾಗುವಿಕೆಗೆ ಅಂಜಿಯೇ ಎಂದು ನನ್ನ ಗುಮಾನಿ. ಅಂಥ ಕಡೆ ನಾನಾಗಿ ಪದ ಬದಲಿಸದೆ, ನಡೆದದ್ದೇನು ಎಂದು ಅವರನ್ನೇ ಕೇಳಿ ಅಂಚಿನಲ್ಲಿ ಗುರುತು ಹಾಕುತ್ತೇನೆ.

‘ಒಲಿಸು’ ಎಂಬುದರ ಬಗ್ಗೆ ಇಲ್ಲಿ ಒಂದು ಮಾತು. 12ನೆಯ ಶತಮಾನದ ಬಸವಣ್ಣನವರು ‘ಕಳಬೇಡ ಕೊಲಬೇಡ’ ಎಂದು ಆರಂಭವಾಗುವ ವಚನದ ಕೊನೆಯಲ್ಲಿ ಈ ಕ್ರಿಯಾಪದವನ್ನು ದೇವರ ವಿಷಯದಲ್ಲಿ ಬಳಸಿದ್ದಾರೆ. ಅಲ್ಲಿ ಒಲಿಸುವುದೆಂದರೆ ನಡತೆಯಿಂದ ಪ್ರೀತಿಗೆ ಪಾತ್ರನಾಗುವುದು. ಅದರ ಪಕ್ಕದಲ್ಲೇ ಇರುವಂತೆ ಕಾಣುವ ‘ಓಲೈಸು’ ಹಳಗನ್ನಡದಲ್ಲಿ ಸೇವೆ ಮಾಡುವುದನ್ನು ಹೇಳುತ್ತಿತ್ತು. ಇಂದಿನ ರಾಜಕೀಯ ವರದಿಗಳಲ್ಲಿ ಅದಕ್ಕೆ ಸ್ವಾರ್ಥದ ವಾಸನೆ ಹತ್ತಿದೆ. ಆದ್ದರಿಂದ ಮತದಾರರ ಮನವೊಲಿಸಿದರು ಎಂಬ ವಾಕ್ಯವನ್ನು ಓಲೈಸಿದರು ಎಂದು ಬದಲಿಸಿದರೆ ಸುದ್ದಿಯೇ ಬದಲಾದಂತೆ. ವಿಭಕ್ತಿಯ ಕಡೆಗೂ ಕಣ್ಣಿಡಬೇಕಾಗುತ್ತದೆ: ‘ಮನವೊಲಿಸು’ ಎಂಬಲ್ಲಿ ಮನಸ್ಸೇ ಕರ್ಮವಾಗಿರುವುದರಿಂದ ‘ಅವರನ್ನು ಮನವೊಲಿಸಿದರು’ ಎನ್ನುವುದಕ್ಕಿಂತ ‘ಅವರ ಮನವೊಲಿಸಿದರು’ ಎಂಬುದನ್ನೇ ನಾನು ಉಳಿಸಿಕೊಳ್ಳುತ್ತೇನೆ.

ಉದ್ದೇಶವೇ ಇಲ್ಲದ ಪ್ರಭಾವದ ಮಾತು ಬೇರೆ, ಮತ್ತು ಇಲ್ಲಿಯೇ ಹೆಚ್ಚಿನ ಎಚ್ಚರ ಬೇಕು. ತೀರಿಹೋದ ಕವಿಯೊಬ್ಬ ಇಂದಿನ ಬರಹಗಾರನ ಮೇಲೆ ಪ್ರಭಾವ ಬೀರಿದ ಎಂದರೆ ಪದ ತನ್ನ ಜಾಗದಲ್ಲೇ ಇದೆ. ವಿಮರ್ಶೆಯ ಬರಹಗಳಲ್ಲಿ ‘ಪ್ರಭಾವಿಸು’ ಎಂಬ ರೂಪವೂ ಓಡಾಡುತ್ತದೆ. ಮೊದಲನೆಯದು ‘ಮೇಲೆ’ ಎಂಬುದನ್ನು ಬೇಡಿದರೆ ಇದು ದ್ವಿತೀಯಾ ವಿಭಕ್ತಿಯನ್ನು ಬೇಡುತ್ತದೆ. ‘ನನ್ನನ್ನು ಪ್ರಭಾವಿಸಿದ ಲೇಖಕರು’ ಎಂಬುದು ಅಡಕವಾಗಿ ಚೆನ್ನಾಗಿದೆ, ಆದರೆ ‘ಗಾಢ ಪ್ರಭಾವ’, ‘ದಟ್ಟ ಪ್ರಭಾವ’ ಎಂದು ವಿಶೇಷಣ ಸೇರಿಸಬೇಕಾದಾಗ ‘ಬೀರು’ ಇರುವ ರೂಪವೇ ಹಗುರವಾಗಿ ಕೂರುತ್ತದೆ. ಇವೆರಡಕ್ಕಿಂತಲೂ ಕನ್ನಡದ ಜಾಯಮಾನಕ್ಕೆ ಒಗ್ಗುವುದು ಪ್ರಭಾವಕ್ಕೆ ಒಳಗಾದವರ ಕಡೆಯಿಂದ ಹೇಳುವ ವಾಕ್ಯ. ‘ಆ ಭಾಷಣ ಅವಳ ಮೇಲೆ ಪ್ರಭಾವ ಬೀರಿತು’ ಎಂಬುದನ್ನು ‘ಆ ಮಾತು ಅವಳ ಮನಸ್ಸಿಗೆ ನಾಟಿತು’ ಎಂದು ತಿದ್ದಿದಾಗ ವಾಕ್ಯ ಮಾತಿಗೆ ಹತ್ತಿರವಾಗುತ್ತದೆ. ಮನಸ್ಸಿಗೆ ತಟ್ಟಿತು, ಎದೆಗೆ ತಾಗಿತು, ತಲೆಗೆ ಹೊಕ್ಕಿತು ಎಂಬ ಚತುರ್ಥಿಯ ಪ್ರಯೋಗಗಳೆಲ್ಲ ಈ ಬಗೆಯವು, ಆದರೆ ಇವೂ ಸಮಾನವಲ್ಲ: ತಟ್ಟಿದ್ದು ಆ ಹೊತ್ತಿನದಾಗಿರಬಹುದು, ನಾಟಿದ್ದು ಉಳಿಯುತ್ತದೆ, ತಲೆಗೆ ಹೊಕ್ಕಿದ್ದರಲ್ಲಿ ಒಂದಿಷ್ಟು ವ್ಯಂಗ್ಯವೂ ಇರಬಹುದು. ಗಾದೆಯಂತೂ ಪ್ರಭಾವವೆಂಬ ಪದದ ತಂಟೆಗೇ ಹೋಗದೆ ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂದು ಕೆಲಸ ಮುಗಿಸಿಬಿಡುತ್ತದೆ.

ವಸ್ತುಗಳ ವಿಷಯಕ್ಕೆ ಬಂದರೆ ಹೆಚ್ಚು ಯೋಚನೆ ಬೇಕಿಲ್ಲ. ಔಷಧಕ್ಕೆ, ಹವೆಗೆ, ಬೆಲೆಯೇರಿಕೆಗೆ ‘ಪರಿಣಾಮ’ ಸಾಕು. ‘ಮಳೆಯ ಕೊರತೆ ಬೆಳೆಯ ಮೇಲೆ ಪ್ರಭಾವ ಬೀರಿತು’ ಎಂಬುದನ್ನು ‘ಮಳೆ ಕಡಿಮೆಯಾಗಿ ಬೆಳೆಗೆ ಪೆಟ್ಟು ಬಿತ್ತು’ ಎಂದರೆ ಮುಗಿಯಿತು. ಹಿಂದಿಯಿಂದ ಅನುವಾದವಾದ ಬರಹಗಳಲ್ಲಿ ಮಾತ್ರ ‘ನೆರೆ ಪ್ರಭಾವಿತ ಜಿಲ್ಲೆಗಳು’ ಎಂಬ ಪ್ರಯೋಗ ನುಸುಳಿರುತ್ತದೆ. ಹಿಂದಿಯಲ್ಲಿ ಆ ಪದ ತೊಂದರೆಗೊಳಗಾದ ಪ್ರದೇಶಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ಪ್ರಭಾವಿತರಾಗುವುದು ಮನುಷ್ಯರು, ಅದೂ ಬಹುಮಟ್ಟಿಗೆ ಮೆಚ್ಚುಗೆಯಿಂದ. ನೆರೆಪೀಡಿತ ಎಂದು ತಿದ್ದಲು ನಾನು ಯಾರ ಒಪ್ಪಿಗೆಗೂ ಕಾಯುವುದಿಲ್ಲ.

ಮುಟ್ಟದೆ ಬಿಡುವ ಜಾಗಗಳೂ ಇವೆ. ಜಾಮೀನು ಅರ್ಜಿಯ ವರದಿಗಳಲ್ಲಿ ಬರುವ ‘ಸಾಕ್ಷಿಗಳ ಮೇಲೆ ಪ್ರಭಾವ ಬೀರುವ ಸಾಧ್ಯತೆಯಿದೆ’ ಎಂಬುದು ಗಟ್ಟಿಯಾಗಿ ರೂಢಿಗೊಂಡ ಮಾತು. ಅದರಲ್ಲಿ ಬೆದರಿಕೆ, ಆಮಿಷ, ಒತ್ತಡ ಯಾವುದೂ ಇರಬಹುದು, ಮತ್ತು ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲದ ಕಾರಣ ಆ ಅಸ್ಪಷ್ಟತೆಯೇ ಅಲ್ಲಿ ನ್ಯಾಯವಾದದ್ದು. ಹಾಗೆಯೇ ಕಥೆಯ ಪಾತ್ರವೊಂದು ‘ಅವನಿಗೆ ಮೇಲೆಲ್ಲ ಇನ್‌ಫ್ಲುಯೆನ್ಸ್ ಇದೆ’ ಎಂದರೆ ಅದನ್ನು ‘ಪ್ರಭಾವವಿದೆ’ ಎಂದು ಶುದ್ಧಗೊಳಿಸುವುದಿಲ್ಲ. ನಿರೂಪಕನೇ ಹೇಳುವ ಜಾಗವಾದರೆ ‘ವಶೀಲಿ’ ಎಂಬ ಪದವನ್ನು ಸೂಚಿಸಿ ನೋಡುತ್ತೇನೆ. ಲೇಖಕರು ಸಾಮಾನ್ಯವಾಗಿ ಒಪ್ಪುತ್ತಾರೆ.