ರೇಗನ್ಸ್‌ಬುರ್ಗ್‌ನಲ್ಲಿ ಭಾನುವಾರ ಕಳೆಯೋದು ಕಲಿತಿದ್ದು

ಈ ಮನೆಗೆ ಬಂದ ಮೊದಲನೇ ಭಾನುವಾರ ನಾನು ಮಾಡಿದ ಘನಕಾರ್ಯ ಅಂದ್ರೆ ಗೋಡೆಗೆ ಡ್ರಿಲ್ ಹಾಕಿದ್ದು. ದೇವರ ಫೋಟೋ ನೇತಾಕಬೇಕಿತ್ತು, ವಾರವೆಲ್ಲ ಆಫೀಸು, ಮನೆ ಕೆಲ್ಸಕ್ಕೆ ಭಾನುವಾರ ತಾನೇ ಟೈಮ್ ಸಿಗೋದು ಅಂತ ಬೆಳಗ್ಗೆ ಹತ್ತಕ್ಕೆ ಶುರು ಮಾಡ್ದೆ. ಎರಡನೇ ತೂತು ಮುಗಿಯೋ ಅಷ್ಟ್ರಲ್ಲಿ ಕೆಳಗಿನ ಮನೆ ಅಜ್ಜಿ ಬಾಗಿಲಿಗೆ ಬಂದ್ರು. ಬೈಲಿಲ್ಲ, ಕೂಗಾಡ್ಲಿಲ್ಲ. "ಹೊಯ್ಟ ಇಸ್ಟ್ ಜೊನ್‌ಟಾಗ್" ಅಂದ್ರು, ಅಷ್ಟೇ. ಇವತ್ತು ಭಾನುವಾರ ಅಂತ. ನನಗಾಗ ಬರ್ತಿದ್ದ ಹರಕು ಜರ್ಮನ್‌ಗೂ ಅದು ತಿಳೀತು, ಆದ್ರೆ ಭಾನುವಾರ ಆದ್ರೆ ಏನೀಗ ಅನ್ನೋದು ತಿಳೀಲಿಲ್ಲ. ಅದು ತಿಳಿಯೋಕೆ ಎರಡು ವರ್ಷದ ಮೇಲಾಯ್ತು.

ರೇಗನ್ಸ್‌ಬುರ್ಗ್ ಅಂದ್ರೆ ಜರ್ಮನಿಯ ಬವೇರಿಯಾ ರಾಜ್ಯದಲ್ಲಿ ಡ್ಯಾನ್ಯೂಬ್ ದಡದ ಊರು, ಇಲ್ಲಿಯವರ ಬಾಯಲ್ಲಿ ಆ ನದಿ ಡೋನಾವ್. ಮ್ಯೂನಿಕ್‌ನಿಂದ ರೈಲಲ್ಲಿ ಒಂದೂವರೆ ಗಂಟೆ. ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು, ಹೆಚ್ಚು ಕಮ್ಮಿ ನಮ್ಮ ಹಾಸನ. ಕ್ರಿ.ಶ. 179ರಲ್ಲಿ ರೋಮನ್ನರು ಕಟ್ಟಿದ ಕೋಟೆ ಬಾಗಿಲಿನ ತುಂಡೊಂದು ಈಗ್ಲೂ ಬೇರೆ ಕಟ್ಟಡದ ಗೋಡೆಗೆ ಸೇರ್ಕೊಂಡು ನಿಂತಿದೆ, ಜನ ಅದರ ಮುಂದೆ ಸೈಕಲ್ ನಿಲ್ಸಿ ಫೋನಲ್ಲಿ ಮಾತಾಡ್ತಿರ್ತಾರೆ. ನದಿ ಮೇಲಿನ ಕಲ್ಲು ಸೇತುವೆ 1135ರಲ್ಲಿ ಶುರುವಾಗಿ 1146ಕ್ಕೆ ಮುಗಿದಿದ್ದು, ಅಂದ್ರೆ ನಮ್ಮ ಕಡೆ ಹಳೇಬೀಡಲ್ಲಿ ಉಳಿ ಸದ್ದು ಕೇಳ್ತಿದ್ದ ಕಾಲ. ಎರಡನೇ ಮಹಾಯುದ್ಧದಲ್ಲಿ ಬೇರೆ ಊರುಗಳ ಥರ ಹಳೇ ಪೇಟೆ ನೆಲಸಮ ಆಗ್ಲಿಲ್ಲ, ಹಾಗಾಗಿ 2006ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು.

ಇಷ್ಟೆಲ್ಲ ಇರೋ ಊರನ್ನ ನಾನು ಮೊದಲನೇ ವರ್ಷ ನೋಡ್ಲೇ ಇಲ್ಲ. ಬಂದಿದ್ದು 2022ರ ಮಾರ್ಚ್‌ನಲ್ಲಿ, ಆ ಬೇಸಿಗೆಯಲ್ಲಿ ಸರ್ಕಾರ ಮೂರು ತಿಂಗಳು ಒಂಬತ್ತು ಯೂರೋ ಟಿಕೆಟ್ ಬಿಟ್ಟಿತ್ತು, ತಿಂಗಳಿಗೆ ಒಂಬತ್ತು ಯೂರೋ ಕೊಟ್ರೆ ದೇಶದ ಎಲ್ಲಾ ಲೋಕಲ್ ರೈಲು ಬಸ್ಸು ಹತ್ತಬೋದು. ಬಿಡ್ತೀವಾ. ಶನಿವಾರ ನ್ಯೂರೆಂಬರ್ಗ್, ಭಾನುವಾರ ಮ್ಯೂನಿಕ್, ಮುಂದಿನ ವಾರ ಪಸ್ಸಾವ್, ಬೆಳಗ್ಗೆ ಐದಕ್ಕೆ ಎದ್ದು ಪುಳಿಯೋಗರೆ ಕಟ್ಕೊಂಡು ಆರರ ರೈಲು ಹಿಡ್ದು, ಸೀಟಿಲ್ದೆ ಬಾಗಿಲ ಹತ್ರ ನಿಂತ್ಕೊಂಡು ಹೋಗಿ, ಫೋಟೋ ತೆಗೆದು, ರಾತ್ರಿ ಹನ್ನೊಂದಕ್ಕೆ ಮಗಳನ್ನ ಹೆಗಲ ಮೇಲೆ ಹಾಕ್ಕೊಂಡು ಮನೆಗೆ ಬರೋದು. ಸೋಮವಾರ ಆಫೀಸಲ್ಲಿ ಪಕ್ಕದ ಸೀಟಿನವರು ವೀಕೆಂಡ್ ಹೇಗಿತ್ತು ಅಂತ ಕೇಳಿದ್ರೆ ನಾನು ಮೂರು ಊರಿನ ಹೆಸರು ಹೇಳೋನು, ಅವರು "ನಾವು ನದಿ ಹತ್ರ ಕೂತಿದ್ವಿ" ಅನ್ನೋರು. ಪ್ರತಿ ವಾರ ಅದೇ ಉತ್ತರ. ಪಾಪ, ಇವ್ರಿಗೆ ಬೇರೆ ಏನೂ ಗೊತ್ತಿಲ್ಲ ಅಂದ್ಕೊಂಡಿದ್ದೆ.

ಓಡಾಟ ನಿಲ್ಲಿಸಿದ್ದು ಜ್ಞಾನೋದಯದಿಂದೇನಲ್ಲ, ನನ್ನ ಹೆಂಡ್ತಿ ಸ್ಟ್ರೈಕ್ ಮಾಡಿದ್ದು. ಇನ್ನು ಭಾನುವಾರ ಸೈಕಲ್ ಹೋಗೋ ದೂರ ಬಿಟ್ಟು ಆಚೆ ಬರಲ್ಲ ಅಂದ್ಳು. ಸರಿ, ಅದನ್ನೇ ರೂಲ್ ಮಾಡ್ಕೊಂಡ್ವಿ.

ಮೊದಲ ನಾಲ್ಕೈದು ಭಾನುವಾರ ಹಿಂಸೆ. ಎಲ್ಲಾ ಅಂಗಡಿ ಬಂದ್, ಸೂಪರ್ ಮಾರ್ಕೆಟ್ ಬಂದ್. ಬವೇರಿಯಾದಲ್ಲಿ ಮಾಮೂಲಿ ದಿನಾನೂ ಅಂಗಡಿಗಳು ರಾತ್ರಿ ಎಂಟಕ್ಕೆ ಬಾಗಿಲು ಹಾಕ್ತವೆ, ಹಾಗಾಗಿ ಶನಿವಾರ ಏಳೂವರೆಗೆ ಹಾಲು ಮೊಸರಿಗೆ ಓಡ್ದೇ ಇದ್ರೆ ಸೋಮವಾರದವರೆಗೂ ಗತಿಯಿಲ್ಲ. ರೈಲ್ವೆ ಸ್ಟೇಷನ್ನಲ್ಲಿ ಸಿಗುತ್ತೆ, ದುಬಾರಿ ಕೊಟ್ಟು ತರ್ಬೇಕು. ಖಾಲಿ ಗಾಜಿನ ಬಾಟ್ಲಿ ಬೀದಿ ಡಬ್ಬಕ್ಕೆ ಹಾಕೋದೂ ಭಾನುವಾರ ಬೇಡ, ಸದ್ದಾಗುತ್ತೆ ಅಂತ. ಹೊಸದಾಗಿ ಬರೋರಿಗೆ ನಾನು ಹೇಳೋದು ಇಷ್ಟೇ: ಶುಕ್ರವಾರ ರಾತ್ರಿನೇ ಬಟ್ಟೆ ಒಗ್ದು, ಶನಿವಾರ ಮಧ್ಯಾಹ್ನದೊಳಗೆ ಸಾಮಾನು ತಂದು ಮುಗ್ಸಿ. ಭಾನುವಾರಕ್ಕೆ ಒಂದೇ ಒಂದು ಕೆಲ್ಸ ಉಳಿದ್ರೂ ಇಡೀ ದಿನ ತಲೇಲಿ ಅದೇ ಕೊರೀತಿರುತ್ತೆ.

ಆಮೇಲೆ ಸೈಕಲ್. ಸೆಕೆಂಡ್ ಹ್ಯಾಂಡ್ ಮೂರು ತಗೊಂಡ್ವಿ. ನದಿ ಪಕ್ಕದಲ್ಲೇ ಡೋನಾವ್ ಸೈಕಲ್ ದಾರಿ ಹೋಗುತ್ತೆ, ಹೆಚ್ಚು ಕಮ್ಮಿ ಮಟ್ಟಸ, ಮಕ್ಕಳೂ ತುಳೀಬೋದು. ಪೂರ್ವಕ್ಕೆ ಹತ್ತು ಕಿಲೋಮೀಟರ್ ಹೋದ್ರೆ ಡೋನಾವ್‌ಸ್ಟಾವ್ಫ್, ಅಲ್ಲಿ ಗುಡ್ಡದ ಮೇಲೆ ವಾಲ್ಹಲ್ಲಾ ಅಂತ ಗ್ರೀಕ್ ದೇವಸ್ಥಾನದ ನಕಲು, ರಾಜ ಒಂದನೇ ಲುಡ್ವಿಗ್ ಕಟ್ಟಿಸಿದ್ದು, 1842ರಲ್ಲಿ ತೆರೆದಿದ್ದು. 358 ಮೆಟ್ಲು. ಒಳಗಡೆ ದೊಡ್ಡ ಮನುಷ್ಯರ ಅಮೃತಶಿಲೆ ತಲೆಗಳು ಸಾಲಾಗಿವೆ, ಟಿಕೆಟ್ ಕೊಟ್ಟು ನೋಡ್ಬೇಕು, ನನಗೇನು ಅಷ್ಟು ರುಚಿಸ್ಲಿಲ್ಲ. ಆದ್ರೆ ಹೊರಗಡೆ ಮೆಟ್ಲ ಮೇಲೆ ಸಂಜೆ ಕೂರೋಕೆ ಒಂದು ಸೆಂಟೂ ಬೇಡ, ಕೆಳಗೆ ನದಿ ತಿರುವು, ಆಚೆ ಬಯಲು. ಕೈಯಲ್ಲಿ ಫ್ಲಾಸ್ಕ್ ಕಾಫಿ ಇದ್ರೆ ಇನ್ನೇನೂ ಬೇಡ. ಪಶ್ಚಿಮಕ್ಕೆ ಹೋದ್ರೆ ಕೆಲ್‌ಹೈಮ್, ಅದು ನಲವತ್ತು ಕಿಲೋಮೀಟರ್ ಹತ್ರ, ಹೋಗೋಕೆ ಸೈಕಲ್, ಬರೋಕೆ ಜಾಲ್ ಸ್ಟೇಷನ್ನಿಂದ ರೈಲು, ಅಷ್ಟೇ ನಮ್ ಕೆಪಾಸಿಟಿ. ಕೆಲ್‌ಹೈಮ್‌ನಿಂದ ದೋಣಿ ಹತ್ತಿದ್ರೆ ಬಂಡೆ ಸೀಳ್ಕೊಂಡು ನದಿ ಹರಿಯೋ ಜಾಗ, ಕೊನೇಲಿ ವೆಲ್ಟನ್‌ಬುರ್ಗ್ ಮಠ. ಮಠದಲ್ಲಿ 1050ರಿಂದ ಬಿಯರ್ ಮಾಡ್ತಾ ಇದಾರಂತೆ. ಮಠ, ಬಿಯರ್, ಒಂದೇ ಅಂಗಳ! ಮೊದಲ ಸಲ ಅಮ್ಮನಿಗೆ ವಿಡಿಯೋ ಕಾಲಲ್ಲಿ ತೋರ್ಸಿದಾಗ ನಾನು ಸುಳ್ಳು ಹೇಳ್ತಿದೀನಿ ಅಂದ್ಕೊಂಡ್ರು.

ಬಿಯರ್ ಗಾರ್ಡನ್ ಬಗ್ಗೆ ನನಗೆ ಭಯ ಇತ್ತು, ನಾವು ಕುಡಿಯಲ್ಲ, ಮಾಂಸ ತಿನ್ನಲ್ಲ, ಅಲ್ಲೇನು ಕೆಲ್ಸ ಅಂತ. ಹಳೇ ಪದ್ಧತಿಯ ಗಾರ್ಡನ್‌ಗಳಲ್ಲಿ ಕುಡಿಯೋದು ಅಲ್ಲೇ ಕೊಂಡ್ಕೋಬೇಕು, ಊಟ ಮನೆಯಿಂದ ತರಬೋದು, ಬಟ್ಟೆ ಹಾಸದ ಮರದ ಟೇಬಲ್ ಇರೋ ಕಡೆ ಕೂರ್ಬೇಕು ಅಷ್ಟೇ. ಇದು ಹತ್ತೊಂಬತ್ತನೇ ಶತಮಾನದಿಂದ ಬಂದ ಪದ್ಧತಿ. ಅಕ್ಕಪಕ್ಕದವರು ಡಬ್ಬಿ ಬಿಚ್ಚಿ ಮೂಲಂಗಿ, ಚೀಸ್, ಬ್ರೆಡ್ಡು ಹರವ್ಕೋತಾರೆ, ನಾವು ಚಿತ್ರಾನ್ನ, ಕೋಡುಬಳೆ. ಕುಡಿಯೋಕೆ ಆಪಲ್ ಜ್ಯೂಸಿಗೆ ಸೋಡಾ ಬೆರೆಸಿದ ಶೋರ್ಲೆ. ಒಂದು ಸಲ ಎದುರಿಗೆ ಕೂತ ತಾತ ಕೋಡುಬಳೆ ಕೈಗೆ ತಗೊಂಡು ತಿರುಗಿಸಿ ನೋಡಿ, ಇದು ಬ್ರೆಟ್ಸೆಲ್‌ನ ತಮ್ಮ ಅಂದ್ರು. ಬ್ರೆಟ್ಸೆಲ್ ಅಂದ್ರೆ ಇಲ್ಲಿಯ ಗಂಟು ಹಾಕಿದ ಬ್ರೆಡ್ಡು. ಖಾರ ಆಗಿ ಕಣ್ಣಲ್ಲಿ ನೀರು ಬಂತು, ಆದ್ರೂ "ಪಾಸ್ಟ್ ಶೋ" ಅಂದ್ಬಿಟ್ಟು ಇನ್ನೊಂದು ತಗೊಂಡ್ರು. ಪಾಸ್ಟ್ ಶೋ ಅಂದ್ರೆ ನಮ್ಮ "ನಡಿಯುತ್ತೆ ಬಿಡಿ".

ಚಳಿಗಾಲ ಬೇರೆ ಕಥೆ. ನವೆಂಬರ್ ಕೊನೆ ಹೊತ್ತಿಗೆ ನಾಲ್ಕೂವರೆ ಒಳಗೆ ಕತ್ಲೆ, ನದಿಯಿಂದ ಮಂಜು, ಮನಸ್ಸು ಮಂಕು. ಅದಕ್ಕೆ ನಾನು ಕಂಡ್ಕೊಂಡ ಮದ್ದು ಫೆರೈನ್, ಅಂದ್ರೆ ಸಂಘ. ಇಲ್ಲಿ ಎಲ್ಲದಕ್ಕೂ ಸಂಘ ಇದೆ, ನಾನು ಬ್ಯಾಡ್ಮಿಂಟನ್ ಆಡೋ ಒಂದಕ್ಕೆ ಸೇರ್ದೆ. ಆಟಕ್ಕಿಂತ ಆಮೇಲೆ ಒಂದು ಗಂಟೆ ಎಲ್ಲಾರೂ ಕೂತು ಹರಟ್ತಾರಲ್ಲ ಅದರಿಂದ ಜರ್ಮನ್ ಬಂತು, ಸಂಜೆ ಕ್ಲಾಸಿಗೆ ಹೋಗಿ ಕಲಿತಿದ್ದು ವ್ಯಾಕರಣ ಮಾತ್ರ. ಆರು ತಿಂಗಳು ಯಾರೂ ನನ್ನ ಹತ್ರ ತಾವಾಗಿ ಮಾತಾಡ್ಲಿಲ್ಲ ಅನ್ನೋದೂ ನಿಜ. ಹೋಗ್ತಾ ಇದ್ದೆ, ನೆಟ್ ಕಟ್ತಿದ್ದೆ, ಬಿಚ್ತಿದ್ದೆ. ಏಳನೇ ತಿಂಗಳು ಒಬ್ರು ಮನೆಗೆ ಊಟಕ್ಕೆ ಕರೆದ್ರು. ನಿಧಾನ, ಆದ್ರೆ ಒಂದ್ಸಲ ಹಚ್ಕೊಂಡ್ರೆ ಬಿಡಲ್ಲ.

ಚಳಿಗಾಲದ ಭಾನುವಾರ ಬೆಳಗ್ಗೆ ಕೆಲವು ಸಲ ಡೋಮ್‌ಗೆ ಹೋಗ್ತೀನಿ, ಸೇಂಟ್ ಪೀಟರ್ ಚರ್ಚು. ಶಾಲೆ ನಡೆಯೋ ದಿನಗಳಲ್ಲಿ ಡೋಮ್‌ಶ್ಪಾಟ್ಸನ್ ಹಾಡ್ತಾರೆ, ಚರ್ಚಿನ ಗುಬ್ಬಚ್ಚಿಗಳು ಅಂತ ಅರ್ಥ, ಆ ಗಾಯನ ಶಾಲೆ ಬೇರು 975ರಷ್ಟು ಹಿಂದಕ್ಕೆ ಹೋಗುತ್ತೆ. ನನಗೆ ಆ ಸಂಗೀತ ಗೊತ್ತಿಲ್ಲ, ಕಣ್ಮುಚ್ಕೊಂಡು ಕೂರ್ತೀನಿ. ಇನ್ನೊಂದು ಇಷ್ಟದ ಜಾಗ ಕೆಪ್ಲರ್ ತೀರ್ಕೊಂಡ ಮನೆ. ಗ್ರಹಗಳ ದಾರಿ ಲೆಕ್ಕ ಹಾಕಿದ ಮನುಷ್ಯ 1630ರಲ್ಲಿ ಬರಬೇಕಿದ್ದ ಬಾಕಿ ದುಡ್ಡು ಕೇಳೋಕೆ ಈ ಊರಿಗೆ ಬಂದು, ಜ್ವರ ಹಿಡ್ದು ಇಲ್ಲೇ ಹೋಗ್ಬಿಟ್ರು. ಸಮಾಧಿನೂ ಆಗ ನಡೀತಿದ್ದ ಮೂವತ್ತು ವರ್ಷದ ಯುದ್ಧದಲ್ಲಿ ಕಳ್ದೋಯ್ತು. ಬಾಕಿ ವಸೂಲಿಗೆ ಅಲೆಯೋದು ನಮ್ಮಲ್ಲೇ ಅಲ್ಲ ಅಂತ ಸ್ವಲ್ಪ ಸಮಾಧಾನ ಆಗುತ್ತೆ.

ಕಷ್ಟ ಇಲ್ಲ ಅಂತಲ್ಲ. ಬಾಡಿಗೆ ಮನೆ ಸಿಗೋಕೆ ನಮಗೆ ಐದು ತಿಂಗಳು ಹಿಡೀತು. 2024ರ ಜೂನ್‌ನಲ್ಲಿ ನದಿ ಉಕ್ಕಿ, ನಾವು ಕೂರೋ ದ್ವೀಪವೆಲ್ಲ ನೀರೊಳಗೆ ಹೋಗಿತ್ತು, ದಡದಲ್ಲಿ ಅಲ್ಯೂಮಿನಿಯಂ ತಡೆಗೋಡೆ. ಮತ್ತೆ ಸೇತುವೆ ಕೆಳಗೆ ಸುಳಿ ಇದೆ, ನೀರು ಶಾಂತವಾಗಿ ಕಂಡ್ರೂ ಇಳೀಬೇಡಿ, ಈಜೋಕೆ ಗುಗನ್‌ಬೆರ್ಗರ್ ಕೆರೆ ಕಡೆ ಹೋಗಿ.

ಈ ಊರಲ್ಲಿ ಬದುಕೋದು ನನಗಿಂತ ಬೇಗ ಕಲಿತಿದ್ದು ಅಪ್ಪ. 2025ರ ಬೇಸಿಗೆಗೆ ಬಂದಿದ್ರು. ಭಾಷೆ ಇಲ್ಲ, ಬೇಜಾರಾಗುತ್ತೆ ಅಂತ ನಾನು ಪ್ಲಾನ್ ಮೇಲೆ ಪ್ಲಾನ್ ಹಾಕಿದ್ದೆ, ಅವರು ಎರಡನೇ ದಿನವೇ ತಾವಾಗಿ ಜಾಗ ಹುಡುಕ್ಕೊಂಡ್ರು. ಹಳೇ ಪೇಟೆ ಸುತ್ತ ಕೋಟೆ ಇದ್ದ ಕಡೆ ಮರ ನೆಟ್ಟು 1779ರಲ್ಲಿ ಮಾಡಿದ ಫ್ಯೂರ್ಸ್ಟ್ ಆನ್ಸೆಲ್ಮ್ ಅಲ್ಲೀ ಅಂತ ಉದ್ದನೆ ಪಾರ್ಕಿದೆ, ಅಲ್ಲಿ ಒಂದು ಬೆಂಚು. ದಿನಾ ನಾಲ್ಕಕ್ಕೆ ಪಂಚೆ ಬದ್ಲು ಪ್ಯಾಂಟ್ ಹಾಕ್ಕೊಂಡು ಹೋಗಿ ಕೂರೋರು. ಮನೆ ಹತ್ರದ ಅರಳಿಕಟ್ಟೆಗೆ ಹೋಗ್ತಿದ್ರಲ್ಲ, ಥೇಟ್ ಹಾಗೇ. ಹತ್ತು ದಿನಕ್ಕೆ ಮೂರು ಜನ ಮುದುಕರು ಜೊತೆಯಾದ್ರು, ಅವರು ಬವೇರಿಯನ್, ಇವರು ಕನ್ನಡ, ಏನು ಮಾತಾಡ್ತಿದ್ರೋ ನನಗಿನ್ನೂ ಗೊತ್ತಿಲ್ಲ.

ಆಗಸ್ಟ್ 15 ಶುಕ್ರವಾರ ಬಂತು. ಮೇರಿ ಮಾತೆ ಹಬ್ಬ, ಈ ಊರಿಗೂ ರಜೆ, ಅಂಗಡಿ ಬಂದ್. ಅಪ್ಪ ಬೆಳಗ್ಗೆನೇ ಸ್ನಾನ ಮಾಡಿ ಇಸ್ತ್ರಿ ಶರ್ಟ್ ಹಾಕ್ಕೊಂಡು, ನಮ್ಮ ಸ್ವಾತಂತ್ರ್ಯ ದಿನಕ್ಕೆ ಇವ್ರೂ ರಜೆ ಕೊಟ್ಟಿದಾರೆ ನೋಡು ಅಂದ್ರು. ತಿದ್ದೋಕೆ ಹೋಗ್ಲಿಲ್ಲ. ಅಷ್ಟರಲ್ಲಿ ಅಡುಗೆ ಮನೆಯಿಂದ ನನ್ನ ಹೆಂಡ್ತಿ, ಮಿಕ್ಸಿ ಹಾಕ್ಲಾ ಬೇಡ್ವಾ ಅಂತ ಕೇಳಿದ್ಳು, ಕೆಳಗಿನ ಅಜ್ಜಿ ಮಲಗಿರ್ಬೋದು. ಚಟ್ನಿಗೆ ರುಬ್ಬೋ ಕಲ್ಲು ತೆಗೆದ್ವಿ.