ಜರ್ಮನ್ ಕಾದಂಬರಿಗೆ ನಮ್ಮ ‘ಅಂತೆ’

ಜರ್ಮನ್ ಭಾಷೆಯ ಬಿ2 (ಮಧ್ಯಮಕ್ಕಿಂತ ಮೇಲಿನ ಹಂತದ) ಪರೀಕ್ಷೆ ಪಾಸಾದ ಜೋಶ್‌ನಲ್ಲಿ ನಾನು ಸೀದಾ 400 ಪುಟದ ಜರ್ಮನ್ ಕಾದಂಬರಿಗೆ ಕೈ ಹಾಕಿದೆ. ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾ ರೈಲು. ಹೋಗುವಾಗ ಅರ್ಧ ಪುಟ, ಬರುವಾಗ ನಿದ್ದೆ. 30ನೇ ಪುಟಕ್ಕೆ ಪುಸ್ತಕ ಅಟ್ಟ ಸೇರಿತು. ನೀವು ಹಂಗೆ ಮಾಡಬೇಡಿ.

ಸಣ್ಣಕತೆಯಿಂದ ಶುರು ಮಾಡಿ. ಯೂಡಿತ್ ಹೆರ್ಮಾನ್ ಅವರ 1998ರ ‘ಝೊಮ್ಮರ್‌ಹೌಸ್, ಶ್ಪೇಟರ್’ ಸಂಕಲನ ಒಳ್ಳೆಯದು. ವಾಕ್ಯಗಳು ಚಿಕ್ಕವು, ಹೇಳದೆ ಬಿಟ್ಟದ್ದೇ ಜಾಸ್ತಿ. ಒಂದು ಕತೆಯನ್ನು ಮೊದಲು ನಿಘಂಟು ಮುಟ್ಟದೆ ಓದಿ. ಎರಡನೇ ಸಲ, ಮತ್ತೆ ಮತ್ತೆ ಬಂದು ಕಾಡಿದ ಪದ ಮಾತ್ರ ಹುಡುಕಿ.

ಇನ್ನು ಮುಖ್ಯ ಮಾತು. ತಲೆಯೊಳಗೆ ಇಂಗ್ಲಿಷಿಗೆ ತಿರುಗಿಸಬೇಡಿ, ಕನ್ನಡಕ್ಕೆ ತಿರುಗಿಸಿ. ‘ಕೊನ್‌ಯುಂಕ್ಟಿವ್ ಒಂದು’ ಅನ್ನೋ ಕ್ರಿಯಾರೂಪ ನನ್ನನ್ನು ತಿಂಗಳುಗಟ್ಟಲೆ ಸತಾಯಿಸಿತ್ತು. ‘ಎರ್ ಇಸ್ಟ್ ಕ್ರಾಂಕ್’ ಅಂದರೆ ಅವನಿಗೆ ಹುಷಾರಿಲ್ಲ. ‘ಎರ್ ಝೈ ಕ್ರಾಂಕ್’ ಅಂದರೆ? ಹುಷಾರಿಲ್ಲವಂತೆ. ಅಷ್ಟೇ! ಯಾರೋ ಹೇಳಿದ್ದು, ಜವಾಬ್ದಾರಿ ನನ್ನದಲ್ಲ. ಡಾನಿಯೆಲ್ ಕೇಲ್‌ಮಾನ್ ಅವರ 2005ರ ‘ಡೀ ಫೆರ್‌ಮೆಸ್ಸುಂಗ್ ಡೆರ್ ವೆಲ್ಟ್’ ಕಾದಂಬರಿಯಲ್ಲಿ ಪಾತ್ರಗಳ ಮಾತು ಉದ್ಧರಣ ಚಿಹ್ನೆ ಇಲ್ಲದೆ ಹೀಗೇ ಬರುತ್ತದೆ. ಮೊದಲ ಸಲ ಓದಿದಾಗ ಮರದ ತುಂಡು ಅಗಿದಂಗಿತ್ತು. ಆಮೇಲೆ ಅಲ್ಲಲ್ಲಿ ‘ಅಂತೆ’ ಸೇರಿಸಿ ಓದಿದೆ. ಗೌಸ್ ಗೊಣಗಿದನಂತೆ, ಹುಂಬೋಲ್ಟ್ ಒಪ್ಪಲಿಲ್ಲವಂತೆ! ಇಬ್ಬರು ಮಹಾ ವಿಜ್ಞಾನಿಗಳ ಸುದ್ದಿಯನ್ನು ಯಾರೋ ಕಟ್ಟೆ ಮೇಲೆ ಕೂತು ಹೇಳಿದಂಗೆ. ರೈಲಿನಲ್ಲಿ ಒಬ್ಬನೇ ನಕ್ಕೆ. ಪಕ್ಕದಲ್ಲಿ ವಗ್ಗರಣಿ-ಮಿರ್ಚಿ ತಿನ್ನುತ್ತಿದ್ದ ಯಜಮಾನರು ಸ್ವಲ್ಪ ಸರಿದು ಕೂತರು.

‘ಹಾಲ್ಟ್’, ‘ಡೋಖ್’ ಥರದ ಚಿಲ್ಲರೆ ಪದಗಳಿಗೂ ಇದೇ ಮದ್ದು. ‘ಡಾಸ್ ಇಸ್ಟ್ ಹಾಲ್ಟ್ ಝೋ’ ಅಂದರೆ ‘ಅದು ಹಂಗೇ ಬಿಡಪ್ಪ’. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತೆ ಅಂತ ಹೆದರಿಸುತ್ತಾರಲ್ಲ, ನಮ್ಮದು ಹೋಗೋದೇ ಅಲ್ಲಿಗೆ ಅಲ್ವಾ?

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಜರ್ಮನ್ ಭಾಷೆ, ಸಂಸ್ಕೃತಿ ಹರಡುವ ಸಂಸ್ಥೆ ಗೋಯ್ಥೆ ಇನ್‌ಸ್ಟಿಟ್ಯೂಟ್‌ನ ಇ-ಗ್ರಂಥಾಲಯ ಉಚಿತ, ಮೊಬೈಲಿನಲ್ಲೇ ಓದಬಹುದು.

ಸ್ವಲ್ಪ ಪಳಗಿದ ಮೇಲೆ ಆಸ್ಟ್ರಿಯಾದ ಕ್ಲಾಗನ್‌ಫುರ್ಟ್ ಕಡೆ ನೋಡಿ. 1977ರಿಂದ ಅಲ್ಲಿ ಆ ದೇಶದ ಲೇಖಕಿ ಇಂಗೆಬೋರ್ಗ್ ಬಾಖ್‌ಮಾನ್ ಹೆಸರಿನ ಬಹುಮಾನಕ್ಕೆ ಸ್ಪರ್ಧೆ ನಡೆಯುತ್ತದೆ. ಲೇಖಕರು ಎಲ್ಲಿಯೂ ಪ್ರಕಟವಾಗದ ಬರಹವನ್ನು ಸುಮಾರು 25 ನಿಮಿಷ ಓದುತ್ತಾರೆ. ತೀರ್ಪುಗಾರರು ಅಲ್ಲೇ, ಅವರೆದುರಿಗೇ ವಾದಕ್ಕಿಳಿಯುತ್ತಾರೆ. ಬರಹವೂ ವಿಡಿಯೋವೂ ಅಂತರ್ಜಾಲದಲ್ಲಿ ಸಿಗುತ್ತವೆ. ಓದು ಮುಗಿದ ಕೂಡಲೇ ವಿಡಿಯೋ ನಿಲ್ಲಿಸಿ. ನಿಮ್ಮ ಅಭಿಪ್ರಾಯ ಜರ್ಮನ್‌ನಲ್ಲಿ ಹತ್ತು ಸಾಲು ಬರೆಯಿರಿ, ತಪ್ಪಾದರೂ ಸರಿ. ಆಮೇಲೆ ಅವರ ಜಗಳ ಕೇಳಿ.