ವಿಯೆನ್ನಾದ ಯೆಹೂದಿ ಕುಟುಂಬವೊಂದರ ಜಾಡು: ಪತ್ರಾಗಾರಗಳಲ್ಲಿ ನಾನು ಹುಡುಕುವ ಬಗೆ

1938ರ ಮಾರ್ಚ್‌ನಲ್ಲಿ ಆಸ್ಟ್ರಿಯಾ ಹಿಟ್ಲರನ ಜರ್ಮನಿಯ ಪಾಲಾದಾಗ ವಿಯೆನ್ನಾ ನಗರವೊಂದರಲ್ಲೇ ಸುಮಾರು 1,70,000 ಯೆಹೂದಿಗಳಿದ್ದರು. ಮುಂದಿನ ಮೂರೂವರೆ ವರ್ಷಗಳಲ್ಲಿ ಇವರಲ್ಲಿ ಹೆಚ್ಚಿನವರು ಹೇಗೋ ದೇಶ ಬಿಟ್ಟು ಹೋದರು. ಆಸ್ಟ್ರಿಯಾದ 65,000ಕ್ಕೂ ಹೆಚ್ಚು ಯೆಹೂದಿಗಳನ್ನು ಕೊಲ್ಲಲಾಯಿತು. ಒಂದು ಕುಟುಂಬಕ್ಕೆ ಏನಾಯಿತೆಂದು ತಿಳಿಯಹೊರಟವರು ಸಾಮಾನ್ಯವಾಗಿ ಹೆಸರನ್ನು ದೊಡ್ಡ ಜಾಲತಾಣಗಳಲ್ಲಿ ಹಾಕಿ ನೋಡುತ್ತಾರೆ, ಸಿಕ್ಕಿದ್ದನ್ನು ಜೋಡಿಸುತ್ತಾರೆ, ಸಿಗದಿದ್ದರೆ ಕೈಬಿಡುತ್ತಾರೆ. ನಾನು ಹೆಸರಿಗಿಂತ ಮೊದಲು ಕಚೇರಿಯನ್ನು ಹುಡುಕುತ್ತೇನೆ. ಇಂಥ ತಿಂಗಳಲ್ಲಿ ಈ ವ್ಯಕ್ತಿ ಯಾವ ಕಚೇರಿಯ ಮೇಜಿನ ಮುಂದೆ ನಿಲ್ಲಬೇಕಾಗಿತ್ತು, ಆ ಕಚೇರಿ ಯಾವ ನಮೂನೆ ತುಂಬಿಸಿಕೊಂಡಿತು, ಆ ನಮೂನೆಗಳು ಈಗ ಯಾರ ಸುಪರ್ದಿಯಲ್ಲಿವೆ? ಇಷ್ಟು ಗೊತ್ತಾದರೆ ಹೆಸರಿನ ಸೂಚಿಯಲ್ಲಿ ಇಲ್ಲದವರೂ ಸಿಗುತ್ತಾರೆ.

ಶುರುಮಾಡಲು ಮೂರು ವಿವರ ಬೇಕು: ಪೂರ್ತಿ ಹೆಸರು, ಹುಟ್ಟಿದ ತಾರೀಖು, ಹುಟ್ಟಿದ ಊರು. ಇವುಗಳಲ್ಲಿ ಗಟ್ಟಿಯಾದದ್ದು ತಾರೀಖು. ಒಂದೇ ಹೆಸರಿನ ಹತ್ತಾರು ಜನ ವಿಯೆನ್ನಾದಲ್ಲಿದ್ದರು. ಮೇಲಾಗಿ 1938ರ ಆಗಸ್ಟ್ 17ರ ಆಜ್ಞೆಯಂತೆ ಯೆಹೂದಿ ಗಂಡಸರ ಹೆಸರಿಗೆ ‘ಇಸ್ರಾಯೇಲ್’, ಹೆಂಗಸರ ಹೆಸರಿಗೆ ‘ಸಾರಾ’ ಎಂದು ಬಲವಂತವಾಗಿ ಸೇರಿಸಲಾಯಿತು. 1939ರ ನಂತರದ ಕಾಗದದಲ್ಲಿ ಸಾರಾ ಎಂದಿದ್ದರೆ ಅದು ತಂದೆತಾಯಿ ಇಟ್ಟ ಹೆಸರೆಂದು ವಂಶಾವಳಿಗೆ ಏರಿಸಬೇಡಿ. ಹುಡುಕುವಾಗ ಆ ಸೇರ್ಪಡೆ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ ನೋಡಿ. ತಾರೀಖಿನಲ್ಲೂ ಒಂದು ಬಲೆಯಿದೆ. ಜರ್ಮನ್ ಕಾಗದದಲ್ಲಿ 3.11 ಅಂದರೆ ನವೆಂಬರ್ 3. ಅಮೆರಿಕದಲ್ಲಿ ತಯಾರಾದ ಕೆಲವು ಸೂಚಿಗಳಲ್ಲಿ ಅದೇ ಮಾರ್ಚ್ 11 ಆಗಿರುತ್ತದೆ. ದಿನ 12 ಅಥವಾ ಅದಕ್ಕಿಂತ ಕಡಿಮೆ ಇದ್ದಾಗಲೆಲ್ಲ ತಿರುಗುಮುರುಗು ಮಾಡಿಯೂ ಹುಡುಕುತ್ತೇನೆ.

ವಿಳಾಸಕ್ಕೆ ‘ಲೇಮಾನ್’ ಎಂಬ ನಗರ ವಿಳಾಸಪುಸ್ತಕ ನೋಡುತ್ತೇನೆ. 1859ರಿಂದ 1942ರವರೆಗಿನ ಸಂಪುಟಗಳನ್ನು ವಿಯೆನ್ನಾದ ನಗರ ಗ್ರಂಥಾಲಯ ಅಂತರ್ಜಾಲದಲ್ಲಿ ಇಟ್ಟಿದೆ. ಇದರಲ್ಲಿ ಸಾಮಾನ್ಯವಾಗಿ ಮನೆಯ ಯಜಮಾನರ ಹೆಸರು ಮಾತ್ರ ಇರುತ್ತದೆ. ಹೆಂಡತಿ, ಮಕ್ಕಳು ಬೇಕಾದರೆ ನಗರದ ಪತ್ರಾಗಾರಕ್ಕೆ ಬರೆದು ನಿವಾಸ ನೋಂದಣಿ ಚೀಟಿಯ ವಿವರ ಕೇಳಬೇಕು. ಯಾವ ಮನೆಯಿಂದ ಯಾವ ಮನೆಗೆ ಯಾವತ್ತು ಹೋದರು ಎಂಬುದು ಅಲ್ಲಿದೆ. ಬೀದಿಯ ಹೆಸರಿನ ಮುಂದಿನ ರೋಮನ್ ಅಂಕಿ ಆ ವಾರ್ಡಿನದು. ಬೇರೆ ವಾರ್ಡುಗಳಲ್ಲಿದ್ದ ಕುಟುಂಬ 1939ರ ನಂತರ ಎರಡನೆಯ ವಾರ್ಡಾದ ಲಿಯೊಪೋಲ್ಡ್‌ಸ್ಟಾಟ್‌ಗೆ ಬಂದು, ಅಲ್ಲೇ ಮತ್ತೆ ಮತ್ತೆ ಮನೆ ಬದಲಿಸಿದ್ದರೆ, ಅವರನ್ನು ಸ್ವಂತ ಮನೆಯಿಂದ ಹೊರಹಾಕಿ ಹಲವು ಕುಟುಂಬ ತುಂಬಿದ ಸಾಮೂಹಿಕ ಮನೆಗಳಿಗೆ ತಳ್ಳಿದ್ದರೆಂದು ತಿಳಿಯಬೇಕು. ಕೊನೆಯ ವಿಳಾಸ ಕ್ಲೈನೆ ಶ್ಪೆರ್ಲ್‌ಗಾಸ್ಸೆ 2ಎ ಎಂದಿದ್ದರೆ ಅದು ಮನೆಯೇ ಅಲ್ಲ. ಗಡೀಪಾರಿಗೆ ಮುನ್ನ ಜನರನ್ನು ಕೂಡಿಹಾಕುತ್ತಿದ್ದ ಶಾಲಾ ಕಟ್ಟಡ ಅದು.

ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಅತ್ಯಂತ ತುಂಬಿದ ಕಡತ ಆಸ್ತಿ ಘೋಷಣೆಯದು. 1938ರ ಏಪ್ರಿಲ್ 26ರ ಆಜ್ಞೆ 5,000 ರೈಶ್‌ಮಾರ್ಕ್‌ಗಿಂತ ಹೆಚ್ಚು ಆಸ್ತಿಯಿದ್ದ ಪ್ರತಿ ಯೆಹೂದಿಯೂ ಜೂನ್ 30ರೊಳಗೆ ಲೆಕ್ಕ ಒಪ್ಪಿಸಬೇಕೆಂದು ಹೇಳಿತು. ಏಪ್ರಿಲ್ 27ರಂದು ಇದ್ದ ಸ್ಥಿತಿಯೇ ಲೆಕ್ಕದ ಆಧಾರ. ಆಸ್ಟ್ರಿಯಾದ ಇಂಥ ಸುಮಾರು 48,000 ಕಡತಗಳು ವಿಯೆನ್ನಾದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಆಸ್ಟ್ರಿಯಾ ಗಣರಾಜ್ಯದ ರಾಷ್ಟ್ರೀಯ ನಿಧಿ ನಡೆಸುವ ‘ಫಿಂಡ್‌ಬುಖ್’ ಎಂಬ ಸೂಚಿಯಲ್ಲಿ ನೋಂದಾಯಿಸಿಕೊಂಡು ಕಡತದ ಸಂಖ್ಯೆ ತೆಗೆದುಕೊಳ್ಳಬಹುದು. ಕಡತವನ್ನು ಪತ್ರಾಗಾರದಿಂದ ಬೇರೆಯಾಗಿ ತರಿಸಿಕೊಳ್ಳಬೇಕು. ನಮೂನೆಯಲ್ಲಿ ಕೃಷಿ ಮತ್ತು ಕಾಡು, ಮನೆ ಮತ್ತು ನಿವೇಶನ, ವ್ಯಾಪಾರದ ಬಂಡವಾಳ, ಉಳಿದ ಆಸ್ತಿ ಎಂದು ನಾಲ್ಕು ಭಾಗ, ಕೊನೆಗೆ ಸಾಲಗಳು. ಉಳಿದ ಆಸ್ತಿ ಎನ್ನುವ ಭಾಗದಲ್ಲಿ ಬ್ಯಾಂಕ್ ಖಾತೆ, ವಿಮೆ, ಪಿಂಚಣಿ, ಬೆಳ್ಳಿ ಚಮಚ, ಮದುವೆಯ ಉಂಗುರದವರೆಗೆ ಬರುತ್ತದೆ. ಗಂಡ ಹೆಂಡತಿ ಬೇರೆ ಬೇರೆ ನಮೂನೆ ತುಂಬಬೇಕಿತ್ತು, ಹಾಗಾಗಿ ಗಂಡನ ಕಡತ ಸಿಕ್ಕಿತೆಂದು ನಿಲ್ಲಿಸಬಾರದು. ಶಿಲ್ಲಿಂಗ್‌ನಲ್ಲಿದ್ದ ಮೊತ್ತವನ್ನು ಒಂದೂವರೆ ಶಿಲ್ಲಿಂಗ್‌ಗೆ ಒಂದು ಮಾರ್ಕ್‌ನಂತೆ ಪರಿವರ್ತಿಸಿರುತ್ತಾರೆ. ಹಳೆಯ ಬಾಡಿಗೆ ಕರಾರಿನ ಅಂಕಿಗೂ ಇದಕ್ಕೂ ತಾಳೆಯಾಗದಿದ್ದರೆ ಮೊದಲು ಈ ದರ ಹಾಕಿ ನೋಡಿ.

ಕಡತದ ಸತ್ವ ಇರುವುದು ನಮೂನೆಯ ಹಿಂದೆ ಸೇರಿಕೊಂಡ ಹಾಳೆಗಳಲ್ಲಿ. 1938ರ ನವೆಂಬರಿನಲ್ಲಿ ಯೆಹೂದಿಗಳ ಮೇಲೆ ನಡೆದ ಹಿಂಸಾಚಾರದ ನಂತರ ಅವರ ಮೇಲೆಯೇ 100 ಕೋಟಿ ಮಾರ್ಕ್ ದಂಡ ಹೇರಿದರು. ಅದರ ಲೆಕ್ಕಕ್ಕಾಗಿ ನವೆಂಬರ್ 12ರ ಹೊತ್ತಿಗೆ ಆಸ್ತಿ ಎಷ್ಟು ಕರಗಿದೆ ಎಂದು ಮತ್ತೆ ಬರೆದುಕೊಡಬೇಕಾಯಿತು. ಅಂಗಡಿಯನ್ನು ಯಾರ ಕೈಗೆ ಎಷ್ಟಕ್ಕೆ ಬಿಟ್ಟರು, ಒಡವೆ ಯಾವಾಗ ಮಾರಿದರು, ಮಗ ಡಾಖಾವ್ ಶಿಬಿರದಲ್ಲಿರುವುದರಿಂದ ರುಜು ಹಾಕಲಾಗದು, ಈ ತಿಂಗಳ ಖರ್ಚಿಗೆ ಇಷ್ಟು ಉಳಿದಿದೆ ಎಂಬ ಸಂಗತಿಗಳು ಅಂಥ ಪತ್ರಗಳಲ್ಲಿ ಬರುತ್ತವೆ. ದಂಡ ಮೊದಲು ಆಸ್ತಿಯ ಶೇ 20 ಇತ್ತು, 1939ರಲ್ಲಿ ಇನ್ನೊಂದು ಕಂತು ಸೇರಿ ಶೇ 25 ಆಯಿತು. ದೇಶ ಬಿಡುವವರಿಗೆ ಇದರ ಮೇಲೆ ಜರ್ಮನಿಯಲ್ಲಿ 1931ರಿಂದಲೇ ಇದ್ದ ಶೇ 25ರ ‘ಪಲಾಯನ ತೆರಿಗೆ’ ಬೇರೆ. ಅದರ ಮಿತಿಯನ್ನು 1934ರಲ್ಲಿ 2,00,000 ಮಾರ್ಕ್‌ನಿಂದ 50,000ಕ್ಕೆ ಇಳಿಸಿದ್ದರು. ಎರಡನ್ನೂ ಒಂದೇ ತೆರಿಗೆಯೆಂದು ಓದಿದರೆ ಕುಟುಂಬ ಹೊರಡುವ ಹೊತ್ತಿಗೆ ಕೈಯಲ್ಲಿ ಎಷ್ಟಿತ್ತು ಎಂಬ ಲೆಕ್ಕ ಪೂರ್ತಿ ತಪ್ಪುತ್ತದೆ. ಇನ್ನೂ ಒಂದು ಮಾತು: ಘೋಷಣೆ ಇಲ್ಲವೆಂದರೆ ಆ ಜನ ವಿಯೆನ್ನಾದಲ್ಲಿರಲಿಲ್ಲ ಎಂದಲ್ಲ, ಬಡವರಾಗಿದ್ದರು ಎಂದಿರಬಹುದು. ಬಡವರ ಜಾಡು ನೆರವಿನ ಸಂಸ್ಥೆಗಳ ಕಾಗದದಲ್ಲೇ ಹೆಚ್ಚು.

ಆ ಬಗೆಯ ಕಾಗದಗಳಲ್ಲಿ ಮೊದಲನೆಯದು ವಿಯೆನ್ನಾ ಯೆಹೂದಿ ಸಮುದಾಯ ಕಚೇರಿಯ ವಲಸೆ ಪ್ರಶ್ನಾವಳಿ. 1938ರ ಮೇ ತಿಂಗಳಿಂದ ಕುಟುಂಬದ ಯಜಮಾನರು ಇದನ್ನು ತುಂಬಿಕೊಡುತ್ತಿದ್ದರು. ಕಸುಬು, ಹೊಸದಾಗಿ ಕಲಿತ ಕಸುಬು, ಬರುವ ಭಾಷೆಗಳು, ತಿಂಗಳ ಆದಾಯ, ಹೋಗಬೇಕೆಂದಿರುವ ದೇಶ, ಪ್ರಯಾಣಕ್ಕೆ ಇರುವ ಹಣ, ಹೊರದೇಶದಲ್ಲಿರುವ ನೆಂಟರ ಹೆಸರು ಮತ್ತು ವಿಳಾಸ, ಜತೆಗೆ ಬರುವ ಅವಲಂಬಿತರ ಪಟ್ಟಿ ಎಲ್ಲವೂ ಇದರಲ್ಲಿವೆ. ವಕೀಲಿಕೆ ಮಾಡುತ್ತಿದ್ದವರು ಕಲಿತ ಕಸುಬಿನ ಜಾಗದಲ್ಲಿ ಚರ್ಮದ ಕೆಲಸ ಎಂದೋ ಅಡುಗೆ ಎಂದೋ ಬರೆದಿರುತ್ತಾರೆ. ದೇಶದ ಜಾಗದಲ್ಲಿ ‘ಎಲ್ಲಿಗಾದರೂ ಸರಿ’ ಎಂಬರ್ಥದ ಉತ್ತರವೂ ಸಿಗುತ್ತದೆ. ಜನ ಸಾಮಾನ್ಯವಾಗಿ ಇಷ್ಟನ್ನು ಓದಿ ಬಿಡುತ್ತಾರೆ. ಕಚೇರಿಯವರು ಹಾಕಿದ ಷರಾ, ಪೆನ್ಸಿಲ್ ಗುರುತು, ಕಡತ ಸಂಖ್ಯೆ ಇವನ್ನೂ ಬರೆದುಕೊಳ್ಳಬೇಕು. ಹಣ ಮಂಜೂರಾಯಿತೇ, ಹಡಗಿನ ಟಿಕೆಟ್ ಸಿಕ್ಕಿತೇ ಎಂಬುದು ಅಲ್ಲಿಂದಲೇ ತಿಳಿಯುವುದು. ಮೂಲ ದಾಖಲೆಗಳ ದೊಡ್ಡ ಭಾಗ ಜೆರುಸಲೇಮಿನ ಯೆಹೂದಿ ಜನಾಂಗದ ಇತಿಹಾಸದ ಕೇಂದ್ರೀಯ ಪತ್ರಾಗಾರದಲ್ಲಿದೆ. ಇನ್ನೊಂದು ದೊಡ್ಡ ರಾಶಿ 2000ದಲ್ಲಿ ವಿಯೆನ್ನಾದ ಖಾಲಿ ಮನೆಯೊಂದರಲ್ಲಿ ಪತ್ತೆಯಾಯಿತು. ಫಿಲ್ಮ್ ಪ್ರತಿಗಳನ್ನು ವಾಷಿಂಗ್ಟನ್ನಿನ ಹಾಲೊಕಾಸ್ಟ್ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಹೆಸರಿನ ಸೂಚಿ ‘ಜೆನ್‌ಟೀಮ್’ ತಾಣದಲ್ಲಿದೆ. ಅತ್ತೆ, ವಿಧವೆ ತಂಗಿ ಮುಂತಾದವರು ಯಜಮಾನರ ನಮೂನೆಯೊಳಗೆ ಅಡಗಿರುವುದರಿಂದ ಅವರ ಸ್ವಂತ ಹೆಸರಿನಲ್ಲಿ ಸಿಗದಿದ್ದರೆ ಅಳಿಯ, ಅಣ್ಣ, ಭಾವ ಇವರ ಹೆಸರಿನಲ್ಲಿ ಹುಡುಕಿ.

ಹಣ ಬಂದದ್ದು ಹೆಚ್ಚಾಗಿ ಅಮೆರಿಕದ ‘ಜಾಯಿಂಟ್’ ಎಂಬ ಯೆಹೂದಿ ನೆರವು ಸಂಸ್ಥೆಯಿಂದ. 1914ರಲ್ಲಿ ಶುರುವಾದ ಈ ಸಂಸ್ಥೆಯ ಪತ್ರಾಗಾರ ನ್ಯೂಯಾರ್ಕ್ ಮತ್ತು ಜೆರುಸಲೇಮಿನಲ್ಲಿದೆ, ಬಹುಭಾಗ ಅಂತರ್ಜಾಲಕ್ಕೂ ಬಂದಿದೆ. ವಿಯೆನ್ನಾದ ಗಂಜಿ ಕೇಂದ್ರಗಳು, ಕಸುಬು ಕಲಿಸುವ ತರಗತಿಗಳು, ಹೊರಟವರ ಲೆಕ್ಕ ಇವುಗಳ ವರದಿಗಳು ಇಲ್ಲಿವೆ. ತಂತಿಗಳಲ್ಲಿ ಸಂಸ್ಥೆಯ ಹೆಸರು ‘ಜಾಯಿಂಟ್‌ಡಿಸ್ಕೊ’ ಎಂದಿರುತ್ತದೆ. ಅದು ಅವರ ತಂತಿ ವಿಳಾಸ, ಬೇರೆ ಸಂಸ್ಥೆಯೆಂದು ಎಣಿಸಬೇಡಿ. 1940ರ ಜೂನ್‌ನಲ್ಲಿ ಈ ಸಂಸ್ಥೆ ಒಂದು ಪ್ರಯಾಣ ವಿಭಾಗ ತೆರೆದು, ಅಮೆರಿಕದಲ್ಲಿರುವ ನೆಂಟರು ಹಡಗಿನ ಖರ್ಚನ್ನು ಡಾಲರಿನಲ್ಲಿ ಕಟ್ಟುವ ಏರ್ಪಾಡು ಮಾಡಿತು. ಹೀಗೆ ಕಟ್ಟಿದ ಹಣವನ್ನು ಗುರುತುಹಾಕಿದ ಕಾರ್ಡಿನಲ್ಲಿ ಹಣ ಕಟ್ಟಿದವರ ಹೆಸರು, ಪ್ರಯಾಣಿಕರ ಹೆಸರು ಎರಡೂ ಇರುತ್ತವೆ. ಹಣ ವಾಪಸಾಗಿದೆ ಎಂದಿದ್ದರೆ ಆ ಹಣದಲ್ಲಿ ಪ್ರಯಾಣ ನಡೆಯಲಿಲ್ಲ ಎಂದು ಓದಬೇಕು. ಬೇರೆ ದಾರಿಯಲ್ಲಿ ಹೋಗಿರಬಹುದು, ಹೋಗಲಾಗದೆಯೂ ಇರಬಹುದು. 1941ರ ಅಕ್ಟೋಬರಿನಲ್ಲಿ ಹೊರಹೋಗುವ ಬಾಗಿಲು ಮುಚ್ಚಿತು. ಆ ತಿಂಗಳ ಆಸುಪಾಸಿನ ಮರುಪಾವತಿ ಕಂಡರೆ ನಾನು ಕೂಡಲೇ ಗಡೀಪಾರು ಪಟ್ಟಿಗಳತ್ತ ತಿರುಗುತ್ತೇನೆ.

ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಅಮೆರಿಕದ ಸೇವಾ ಸಮಿತಿಯ 20,000ಕ್ಕೂ ಹೆಚ್ಚು ನಿರಾಶ್ರಿತರ ಕಡತಗಳು ವಾಷಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿವೆ. 1938ರ ಡಿಸೆಂಬರಿನಿಂದ ಯುದ್ಧ ಶುರುವಾಗುವವರೆಗೆ ಬ್ರಿಟನ್ನಿಗೆ ಹೋದ ಸುಮಾರು 10,000 ಮಕ್ಕಳ ಬಗ್ಗೆ ಲಂಡನ್ನಿನ ವರ್ಲ್ಡ್ ಜ್ಯೂಯಿಷ್ ರಿಲೀಫ್ ಸಂಸ್ಥೆಗೆ ಕುಟುಂಬದವರು ಬರೆಯಬಹುದು. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಎಚ್‌ಒ 396 ಸರಣಿಯಲ್ಲಿ ‘ಶತ್ರು ದೇಶದವರು’ ಎಂದು ವಿಚಾರಣೆಗೆ ಒಳಗಾದವರ ಕಾರ್ಡುಗಳಿವೆ. ವಿಯೆನ್ನಾದಿಂದ ಶಾಂಘೈಗೆ ಹೋದವರಿಗೆ 1939ರ ನವೆಂಬರಿನಲ್ಲಿ ಅಚ್ಚಾದ ವಲಸಿಗರ ವಿಳಾಸಪುಸ್ತಕ ನೋಡಬೇಕು.

ಇಟಲಿಯ ಲಾಯ್ಡ್ ಟ್ರಿಯೆಸ್ಟೀನೊ ಕಂಪನಿಯ ಶಾಂಘೈ ಹಡಗುಗಳು ಸೂಯೆಜ್ ದಾಟಿ ಬೊಂಬಾಯಿಗೆ ಬರುತ್ತಿದ್ದವು, ಕೆಲವರು ಇಲ್ಲೇ ಇಳಿದರು. 1934ರಲ್ಲಿ ಹುಟ್ಟಿದ ಬೊಂಬಾಯಿಯ ಯೆಹೂದಿ ನೆರವು ಸಂಘ ಇಂಥವರು ಸರ್ಕಾರಕ್ಕೆ ಹೊರೆಯಾಗುವುದಿಲ್ಲವೆಂದು ಹೊಣೆ ಹೊತ್ತಿತು. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಗೃಹ ಇಲಾಖೆ ಕಡತಗಳನ್ನು ‘ಅಭಿಲೇಖ್ ಪಟಲ್’ ತಾಣದಲ್ಲಿ ಹುಡುಕುವಾಗ ವ್ಯಕ್ತಿಯ ಹೆಸರಿಗಿಂತ ಆ ಕಾಲದ ಸರ್ಕಾರಿ ಮಾತುಗಳು ಹೆಚ್ಚು ಫಲ ಕೊಡುತ್ತವೆ: ಜರ್ಮನ್ ಜ್ಯೂ, ರೆಫ್ಯೂಜಿ, ಎನಿಮಿ ಫಾರಿನರ್, ಪರೋಲ್, ನ್ಯಾಚುರಲೈಸೇಶನ್, ಇವನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ಯುದ್ಧ ಶುರುವಾದಾಗ ನಾಜಿಗಳಿಂದ ಓಡಿಬಂದವರನ್ನೂ ಜರ್ಮನ್ನರೆಂದೇ ಹಿಡಿದರು. ಪುರಂದರ, ಸಾತಾರಾ ಎಂಬ ಊರುಗಳು ಕಡತದಲ್ಲಿ ಬಂದರೆ ಅದು ಈ ನಿರ್ಬಂಧದ ಸುಳಿವು.

ನಮ್ಮ ಮೈಸೂರಿಗೆ ಸಂಬಂಧಿಸಿದವರ ಕಾಗದ ಎರಡು ಕಡೆ ಹಂಚಿಹೋಗಿರುತ್ತದೆ. ಬರ್ಲಿನ್ನಿನಲ್ಲಿ 1908ರಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1939ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, 1935-36ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿದ್ದರು. ಇಂಥವರ ನೇಮಕ, ಸಂಬಳ, ಕಟ್ಟಡದ ಕೆಲಸ ಇವಕ್ಕೆ ಕರ್ನಾಟಕ ರಾಜ್ಯ ಪತ್ರಾಗಾರದ ಸಂಸ್ಥಾನ ಕಾಲದ ಕಡತಗಳನ್ನು ನೋಡಬೇಕು. ದೇಶದೊಳಗೆ ಬರುವ ಅನುಮತಿ, ಪೊಲೀಸ್ ನಿಗಾ ಬ್ರಿಟಿಷ್ ಸರ್ಕಾರದ ವಿಷಯವಾದ್ದರಿಂದ ದೆಹಲಿ ಮತ್ತು ಲಂಡನ್ನಿನ ಇಂಡಿಯಾ ಆಫೀಸ್ ದಾಖಲೆಗಳನ್ನು ಕೆದಕಬೇಕು. ಒಂದೇ ಕಡೆ ನೋಡಿ ಬರೆದರೆ ಆ ವ್ಯಕ್ತಿ ಬರೀ ನೌಕರರಾಗಿಯೋ ಬರೀ ಅನುಮಾನಿತರಾಗಿಯೋ ಉಳಿದುಬಿಡುತ್ತಾರೆ.

ಹೊರಡಲಾಗದವರ ಜಾಡು ಗಡೀಪಾರು ಪಟ್ಟಿಗಳಲ್ಲಿದೆ. ವಿಯೆನ್ನಾದಲ್ಲಿರುವ ಆಸ್ಟ್ರಿಯಾ ಪ್ರತಿರೋಧ ದಾಖಲೆ ಕೇಂದ್ರದ ಹೆಸರುಪಟ್ಟಿ ಇಲ್ಲಿ ಮೊದಲು ನೋಡಬೇಕಾದ್ದು. ಪಟ್ಟಿಯಲ್ಲಿ ಬರೆದ ಊರು ಎಂದರೆ ರೈಲು ಮುಟ್ಟಿದ ಊರು ಎಂದು ನಂಬಬಾರದು. 1941ರ ನವೆಂಬರ್ 23ರಂದು ವಿಯೆನ್ನಾ ಬಿಟ್ಟ ರೈಲಿಗೆ ರೀಗಾ ಎಂದು ಗೊತ್ತುಮಾಡಲಾಗಿತ್ತು. ಅದನ್ನು ಲಿಥುವೇನಿಯಾದ ಕೌನಾಸ್‌ಗೆ ತಿರುಗಿಸಿ ನವೆಂಬರ್ 29ರಂದು ಅಲ್ಲಿ ಎಲ್ಲರನ್ನೂ ಗುಂಡಿಕ್ಕಿ ಕೊಂದರು. 1942ರಲ್ಲಿ ಮಿನ್ಸ್ಕ್ ಎಂದಿದ್ದರೆ ಅದು ಬಹುತೇಕ ಮಾಲಿ ಟ್ರಾಸ್ಟಿನೆಟ್ಸ್ ಎಂಬ ಕೊಲೆತಾಣ.

ಥೆರೇಸಿಯನ್‌ಸ್ಟಾಟ್‌ಗೆ (ಯೆಹೂದಿಗಳನ್ನು ಕೂಡಿಹಾಕಿದ್ದ ಚೆಕ್ ಊರು, ಇಂದಿನ ಟೆರೆಜಿನ್) ಹೋದವರ ಕಾರ್ಡಿನಲ್ಲಿರುವ ಸಂಖ್ಯೆ ಓದುವುದನ್ನು ಕಲಿಯಬೇಕು. ರೋಮನ್ ಅಂಕಿ ಒಂದು ಬರ್ಲಿನ್, ಎರಡು ಮ್ಯೂನಿಕ್, ಮೂರು ಕಲೋನ್, ನಾಲ್ಕು ವಿಯೆನ್ನಾ. ಓರೆಗೆರೆಯ ನಂತರದ್ದು ಅಲ್ಲಿಂದ ಬಂದ ಎಷ್ಟನೆಯ ರೈಲು, ಅಡ್ಡಗೆರೆಯ ನಂತರದ್ದು ವ್ಯಕ್ತಿಯ ಸಂಖ್ಯೆ. ಅದೇ ಕಾರ್ಡಿನಲ್ಲಿ ಎರಡಕ್ಷರದ ಇನ್ನೊಂದು ಗುರುತಿದ್ದರೆ ಅವರನ್ನು ಅಲ್ಲಿಂದ ಪೂರ್ವಕ್ಕೆ ಸಾಗಿಸಲಾಗಿದೆ. 1944ರ ಸೆಪ್ಟೆಂಬರ್ 28ರಿಂದ ಅಕ್ಟೋಬರ್ 28ರವರೆಗೆ ಹೊರಟ 11 ರೈಲುಗಳ ಗುರುತು ‘ಇ’ (E) ಅಕ್ಷರದಿಂದ ಶುರುವಾಗುತ್ತದೆ, ಅವೆಲ್ಲ ಆಶ್‌ವಿಟ್ಸ್‌ಗೆ ಹೋದವು. ಥೆರೇಸಿಯನ್‌ಸ್ಟಾಟ್‌ನಲ್ಲೇ ತೀರಿಕೊಂಡವರ ಮರಣ ವರದಿಗಳನ್ನು ಚೆಕ್ ದೇಶದ ಟೆರೆಜಿನ್ ಇನಿಷಿಯೇಟಿವ್ ಸಂಸ್ಥೆ ಸ್ಕ್ಯಾನ್ ಮಾಡಿ ಇಟ್ಟಿದೆ. ಅದರಲ್ಲಿ ಕಾಯಿಲೆಯ ಹೆಸರಿಗಿಂತ ತಂದೆತಾಯಿ, ನೆಂಟರ ಹೆಸರಿನ ಸಾಲುಗಳು ಉಪಯುಕ್ತ. ಹಸಿವು ಮತ್ತು ಸೋಂಕಿನಿಂದ ಸತ್ತವರಿಗೆ ಮುಪ್ಪಿನ ದೌರ್ಬಲ್ಯ ಎಂದು ಬರೆದದ್ದು ಬೇಕಾದಷ್ಟಿದೆ.

ಇಷ್ಟಾದ ಮೇಲೆ ಜರ್ಮನಿಯ ಆರೋಲ್ಸೆನ್ ಪತ್ರಾಗಾರಕ್ಕೆ ಅರ್ಜಿ ಹಾಕುತ್ತೇನೆ. ನಾಜಿ ದೌರ್ಜನ್ಯಕ್ಕೆ ಒಳಗಾದವರ ಬಗ್ಗೆ ಸುಮಾರು 3 ಕೋಟಿ ದಾಖಲೆಗಳಿರುವ ಇದು 2007ರಲ್ಲಿ ಸಂಶೋಧಕರಿಗೆ ತೆರೆಯಿತು. ಹುಡುಕಿಕೊಡಲು ಹಣ ಕೇಳುವುದಿಲ್ಲ, ಆದರೆ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಅರ್ಜಿಯಲ್ಲಿ ತಾರೀಖು, ಹುಟ್ಟೂರು, ಕೊನೆಯ ವಿಳಾಸ, ರೈಲಿನ ಸಂಖ್ಯೆ ಎಲ್ಲವನ್ನೂ ಕೊಟ್ಟರೆ ಅವರ ಕೆಲಸ ಹಗುರ. ‘ಟಿ/ಡಿ’ ಕಡತ ಇದೆಯೇ ಎಂದು ಬಿಡಿಸಿ ಕೇಳಿ. ಯುದ್ಧದ ನಂತರ ಬದುಕುಳಿದವರು ತಮ್ಮವರನ್ನು ಹುಡುಕಿಕೊಡಿ ಎಂದು ಬರೆದಾಗ ತೆರೆದ ಕಡತ ಅದು. ಕೇಳಿದವರು ಯಾರು, ಯಾವ ದೇಶದಿಂದ, ಯಾವ ವರ್ಷ ಎಂಬುದು ಅದರಲ್ಲಿರುವುದರಿಂದ ಕುಟುಂಬದ ಉಳಿದ ಕೊಂಡಿ ಅಲ್ಲೇ ಸಿಗುತ್ತದೆ. ಇಸ್ರೇಲಿನ ಹಾಲೊಕಾಸ್ಟ್ ಸ್ಮಾರಕ ಸಂಸ್ಥೆ ಯಾದ್ ವಾಶೆಮ್‌ನ ಸಾಕ್ಷ್ಯಪತ್ರಗಳೂ ನೆಂಟರು ನೆನಪಿನಿಂದ ತುಂಬಿದವು. ಹುಟ್ಟಿದ ವರ್ಷ ಎರಡು ಮೂರು ಹಿಂದೆಮುಂದೆ ಆಗಿರಬಹುದು, ಆದರೆ ಪತ್ರ ತುಂಬಿದವರ ಹೆಸರು ಮತ್ತು ಸಂಬಂಧ ಬೇರೆಲ್ಲೂ ಸಿಗದ ಮಾಹಿತಿ. ಎರಡು ದಾಖಲೆ ಒಂದಕ್ಕೊಂದು ಹೊಂದದಿದ್ದಾಗ ನಾನು ಒಂದನ್ನು ಅಳಿಸುವುದಿಲ್ಲ. ಎರಡನ್ನೂ ಅವುಗಳ ಪತ್ರಾಗಾರ, ಸರಣಿ, ಕಡತ ಸಂಖ್ಯೆ, ಬರೆದ ತಾರೀಖಿನೊಂದಿಗೆ ಪಕ್ಕಪಕ್ಕದಲ್ಲಿ ಇಡುತ್ತೇನೆ.